ಕುಳಿತು ಆಡುವ ಆಟ

ಖೋ ಖೋ ಕಲಿಸುವವನ ಕಷ್ಟ ಕ್ರಿಕೆಟ್ ಕಲಿಸುವವನಿಗೆ ಅರ್ಥವಾಗುವುದಿಲ್ಲ. ಅಲ್ಲಿ ಮಗ ಸೊನ್ನೆಗೆ ಔಟಾದರೆ ತಪ್ಪು ಅಂಪೈರರದು, ಪಿಚ್ಚಿನದು, ಹೆಚ್ಚೆಂದರೆ ಬ್ಯಾಟಿನದು. ನನ್ನ ಆಟದಲ್ಲಿ ಬೆನ್ನಟ್ಟುವ ತಂಡದ 9 ಮಂದಿಯಲ್ಲಿ 8 ಮಂದಿ ಚೌಕಗಳಲ್ಲಿ ಕುಳಿತೇ ಇರಬೇಕು. ಮಕ್ಕಳು ಇದನ್ನು ಮೊದಲ ದಿನವೇ ಒಪ್ಪಿಕೊಳ್ಳುತ್ತಾರೆ. ಹೆತ್ತವರು ಬೇಸಿಗೆ ಶಿಬಿರ ಮುಗಿದರೂ ಒಪ್ಪುವುದಿಲ್ಲ.

“ಸರ್, ನಮ್ಮ ಹುಡುಗನನ್ನು ಬಂದಾಗಿನಿಂದ ಕೂರಿಸಿಯೇ ಇಟ್ಟಿದ್ದೀರಿ. ಕೂರುವುದಕ್ಕೆ ಮನೆಯಲ್ಲಿ ಸೋಫಾ ಇದೆ” ಎಂದರು ಒಬ್ಬ ತಂದೆ. ಖೋ ಸಿಕ್ಕ ಕೂಡಲೇ ಚಿಮ್ಮಿ ಏಳುವುದೇ ಇಲ್ಲಿನ ವಿದ್ಯೆ ಎಂದು ವಿವರಿಸಿದೆ. “ಅದು ಸರಿ, ಖೋ ಯಾವಾಗ ಕೊಡಿಸುತ್ತೀರಿ?” ಎಂದರು, ರೇಷನ್ ಕಾರ್ಡ್ ಕೇಳುವ ಧಾಟಿಯಲ್ಲಿ.

ಎಲ್ಲಕ್ಕೂ ಮೂಲ ಖೋ ಖೋ ವಿಶ್ವಕಪ್. 2025ರ ಜನವರಿಯಲ್ಲಿ ದೆಹಲಿಯಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪಕ್ಕದ ಊರಿನ ಹುಡುಗಿ ಟಿವಿಯಲ್ಲಿ ಕಂಡ ಮೇಲೆ ಮೈಸೂರಿನ ನಮ್ಮ ಮೈದಾನಕ್ಕೆ ಮಕ್ಕಳು ಬಂದರು. ಮಗುವೊಂದಕ್ಕೆ ಹೆತ್ತವರು ಇಬ್ಬರು, ಜೊತೆಗೊಬ್ಬ ಅಜ್ಜ. ಸಂಖ್ಯಾಬಲದಲ್ಲಿ ನಾನು ಗೆಲ್ಲುವ ಮಾತೇ ಇಲ್ಲ.

ಅಕ್ಕಪಕ್ಕದ ಚೌಕಗಳಲ್ಲಿ ಕುಳಿತವರು ಒಬ್ಬರು ಈ ಕಡೆಗೆ, ಇನ್ನೊಬ್ಬರು ಆ ಕಡೆಗೆ ಮುಖ ಮಾಡಬೇಕು. ಇದರ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಅರ್ಜಿ ಬಂತು: “ನಮ್ಮ ಮಗಳನ್ನು ದಯವಿಟ್ಟು ಬೇವಿನ ಮರದ ಕಡೆಗೆ ತಿರುಗಿಸಿ ಕೂರಿಸಿ. ನಾವು ಕಾರು ನಿಲ್ಲಿಸುವುದು ಅಲ್ಲೇ. ಫೋಟೋದಲ್ಲಿ ಬರೀ ಜಡೆ ಬರುತ್ತಿದೆ.”

ಆ ಹುಡುಗಿಯದು ಬೇರೆಯೇ ಕಥೆ. ಓಡಿಬಂದು, ಕುಳಿತವಳ ಬೆನ್ನ ಹಿಂದೆ ನಿಂತು, ಮೆಲ್ಲಗೆ ಭುಜ ಮುಟ್ಟಿ, “ಅಕ್ಕಾ, ಖೋ” ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಓಟಗಾರ ಕಂಬ ಸುತ್ತಿ, ಬೆವರನ್ನೂ ಒರೆಸಿಕೊಂಡಿರುತ್ತಿದ್ದ. ಜೋರಾಗಿ ‘ಖೋ’ ಎಂದಷ್ಟೇ ಹೇಳಬೇಕು ಎಂದು ತಾಯಿಯ ಮುಂದೆ ತಿದ್ದಿದೆ. “ದೊಡ್ಡವರ ಬೆನ್ನಿಗೆ ಬಡಿದು ಅರಚುವುದನ್ನು ನಾವು ಮನೆಯಲ್ಲಿ ಕಲಿಸಿಲ್ಲ ಸರ್” ಎಂದರು. ಆ ಅಕ್ಕನಿಗೆ ಹನ್ನೊಂದು ವರ್ಷ.

ಸೋಫಾದ ತಂದೆಯ ಕಂಠವಂತೂ ಗೆರೆಯಾಚೆ ನಿಂತರೂ ಮೈದಾನವಿಡೀ ಕೇಳಿಸುತ್ತಿತ್ತು. ಬೆನ್ನಟ್ಟುವವನು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ದಾಟುವವರೆಗೆ ಹಿಂದಿರುಗುವಂತಿಲ್ಲ. ಇವರು “ಹಿಂದೆ ತಿರುಗು, ಅಲ್ಲೇ ಇದ್ದಾನೆ!” ಎಂದು ಕೂಗುವರು. ಮನೆಯಲ್ಲಿ ಹಾಲು ಕುಡಿ ಎಂದರೂ ಕೇಳದ ಮಗ ಇಲ್ಲಿ ಮಾತ್ರ ಪಿತೃವಾಕ್ಯ ಪರಿಪಾಲಕ. ತಿರುಗುವನು. ಫೌಲ್.

ಹೆತ್ತವರನ್ನು ದೂರ ಇಡುವುದಕ್ಕಿಂತ ಅವರಿಗೊಂದು ಕೆಲಸ ಹಚ್ಚುವುದು ಮೇಲು ಎನ್ನುವವನು ನಾನು. ಸೋಫಾದ ತಂದೆಯ ಕೈಗೆ ಸ್ಟಾಪ್‌ವಾಚ್, ಬಾಯಿಗೆ ಸೀಟಿ ಕೊಟ್ಟು ಸಮಯಪಾಲಕರನ್ನಾಗಿ ನೇಮಿಸಿದೆ. ಸೀಟಿ ಕಚ್ಚಿಕೊಂಡು ಕೂಗಲಾಗುವುದಿಲ್ಲ, ಮೈದಾನ ಶಾಂತವಾಯಿತು. ಆದರೆ ಸರದಿಯ 9 ನಿಮಿಷಗಳು ಅವರ ಮಗ ತಪ್ಪಿಸಿಕೊಂಡು ಓಡುವಾಗ ಏಳಕ್ಕೇ ಮುಗಿಯುತ್ತವೆ, ಬೆನ್ನಟ್ಟುವಾಗ ಹನ್ನೊಂದಕ್ಕೆ ಹಿಗ್ಗುತ್ತವೆ ಎಂಬುದನ್ನು ಉಳಿದ ತಾಯಂದಿರು ಪತ್ತೆಹಚ್ಚಿದರು. ಮರುದಿನದಿಂದ ಪ್ರತಿಯೊಂದು ಮೊಬೈಲೂ ಗಡಿಯಾರವಾಯಿತು. ಒಂದೇ ಸರದಿಗೆ ಐದು ಬಗೆಯ ಅಂತ್ಯ.

ಕೊನೆಗೆ ಒಂದು ಭಾನುವಾರ ಹೆತ್ತವರನ್ನೇ ಅಂಕಣಕ್ಕಿಳಿಸಿದೆ. ಚೌಕದಲ್ಲಿ ಕೂರುವುದಕ್ಕೇ ಮೂವರಿಗೆ ಪಕ್ಕದವರ ಭುಜ ಬೇಕಾಯಿತು. ಖೋ ಸಿಕ್ಕ ಬ್ಯಾಂಕ್ ಅಧಿಕಾರಿಯೊಬ್ಬರು ಮೊದಲು ಅಂಗೈ ಊರಿದರು, ಆಮೇಲೆ ಮಂಡಿ, ಆಮೇಲೆ ದೇವರ ನಾಮ. ಎದ್ದು ನಿಂತಾಗ ಹಿಡಿಯಬೇಕಾದವರು ನೀರು ಕುಡಿಯಲು ಹೋಗಿದ್ದರು. ಜಡೆಯ ಹುಡುಗಿಯ ತಾಯಿ ಮಾತ್ರ ಎದುರು ಬಂದವರನ್ನೆಲ್ಲ ಹಿಡಿದು ಹಾಕಿದರು. ಅವರ ‘ಖೋ’ ರಸ್ತೆಯ ಹಾಲಿನ ಬೂತಿಗೂ ಕೇಳಿಸಿತು. ದೊಡ್ಡವರು, ಚಿಕ್ಕವರು ಎಂಬ ಭೇದ ಎಣಿಸಲಿಲ್ಲ.

ಈಗ ನಮ್ಮ ಸಂಬಂಧ ಬಹಳ ಚೆನ್ನಾಗಿದೆ. ಬೆಳಿಗ್ಗೆ ಯಾರಾದರೊಬ್ಬರ ಮನೆಯ ಇಡ್ಲಿ ಡಬ್ಬಿ ನನಗಾಗಿ ಬರುತ್ತದೆ. ಮೊನ್ನೆ ಸೋಫಾದ ತಂದೆ ನನ್ನನ್ನು ಬದಿಗೆ ಕರೆದು, ಭಾನುವಾರದ ಆಟ ಮುಂದುವರಿಸಬೇಕೆಂದು ಕೇಳಿಕೊಂಡರು. ಒಂದೇ ಷರತ್ತು.

“ಮಗನನ್ನು ಮೈದಾನದ ಹತ್ತಿರ ಬಿಡಬೇಡಿ ಸರ್. ತುಂಬಾ ಕೂಗುತ್ತಾನೆ.”