ಅಲಾರಂ ಹೊಡೆದಾಗ ಅಕ್ಕ ಇನ್ನೂ ಹೇಳುತ್ತಿದ್ದರು

ಇವತ್ತು ನಮ್ಮ ವರ್ಷದ ಕೊನೆಯ ಸಭೆ ಇತ್ತು. ಮುಗಿಸಿ ಬಂದು ಒಂದು ಗಂಟೆಯಾಯಿತು, ಮನಸ್ಸು ತಣ್ಣಗಾಗಿಲ್ಲ. ಬರೆಯದೆ ಮಲಗಿದರೆ ನಿದ್ದೆ ಬರಲ್ಲ.

ನಾನು ಸ್ಟೈನರ್ ಶಿಶುವಿಹಾರದ ಟೀಚರ್ ಅಂತ ನಿಮಗೆಲ್ಲ ಗೊತ್ತೇ ಇದೆ. ಅಂದರೆ ರುಡಾಲ್ಫ್ ಸ್ಟೈನರ್ ಅನ್ನುವ ಚಿಂತಕರು ಹಾಕಿಕೊಟ್ಟ, ವಾಲ್ಡಾರ್ಫ್ ಅಂತಲೂ ಕರೆಯುವ ಶಿಕ್ಷಣದ ದಾರಿ ನಮ್ಮದು. ಹಿಟ್ಟು ನಾದುವುದು, ಜೇನುಮೇಣ ಅಂಗೈಯಲ್ಲಿ ಬೆಚ್ಚಗೆ ಮಾಡಿ ಮಕ್ಕಳ ಕೈಗೆ ಕೊಡುವುದು, ಒಂದೇ ಕಥೆಯನ್ನು ವಾರಗಟ್ಟಲೆ ಅದೇ ಮಾತುಗಳಲ್ಲಿ ಹೇಳುವುದು, ಇದೇ ನಮ್ಮ ದಿನ. ವರ್ಷದ ಕೊನೆಗೆ ಟೀಚರುಗಳೆಲ್ಲ ಒಟ್ಟಿಗೆ ಕೂತು ಹಿಂತಿರುಗಿ ನೋಡುತ್ತೇವೆ. ನನಗೆ ಅದು ಹಬ್ಬದಂಥ ದಿನ. ಈ ಸಲ ಹೋಗಿ ಕೂತ ತಕ್ಷಣ ಕೈಗೆ ಒಂದು ಫಾರಂ ಬಂತು. ಮೂರು ಸಾಧನೆ, ಮೂರು ಕೊರತೆ, ಮುಂದಿನ ವರ್ಷದ ಗುರಿ. ತಲಾ ಆರು ನಿಮಿಷ. ಮೊಬೈಲಿನಲ್ಲಿ ಅಲಾರಂ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಅಕ್ಕ ಒಬ್ಬರಿದ್ದಾರೆ. ಅವರು ಒಬ್ಬ ಹುಡುಗನ ವಿಷಯ ತೆಗೆದರು. ಎಲ್ಲರೂ ವೃತ್ತವಾಗಿ ನಿಂತು ಹಾಡುವಾಗ ಅವನು ಬರುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತು ಎಲ್ಲರ ಶೂಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಅಕ್ಕ ಒಂದು ಸಲವೂ ಕರೆಯಲಿಲ್ಲ. ಹಾಡು ಮುಗಿದ ಮೇಲೆ ದಿನಾ ಹೋಗಿ, ಅವನ ಪಕ್ಕ ಕೂತು, ಒಂದು ಜೊತೆ ಶೂ ತಾವೂ ನೇರ ಮಾಡಿ ಬರುತ್ತಿದ್ದರು. ‘ಹಾಗೇ ಒಂದು ದಿನ ಅವನೇ ಎದ್ದು ಬಂದ...’ ಅನ್ನುವಷ್ಟರಲ್ಲಿ ಅಲಾರಂ ಹೊಡೆಯಿತು.

‘ಅಕ್ಕಾ, ಟೈಮ್ ಆಯ್ತು. ಸಾಧನೆ ಅಂತ ಏನು ಬರೆದುಕೊಳ್ಳಲಿ?’

‘ಏನೂ ಬೇಡಮ್ಮ’ ಅಂದು ಅಕ್ಕ ಸುಮ್ಮನಾದರು.

ನನಗೆ ಎದೆಯಲ್ಲಿ ಚುರುಕ್ ಅಂದಿತು. ಏಳು ವರ್ಷದೊಳಗಿನ ಮಗುವಿಗೆ ಅಂಕ ಬೇಡ, ಪರೀಕ್ಷೆ ಬೇಡ, ಆತುರ ಬೇಡ ಅಂತ ಪೋಷಕರಿಗೆ ವರ್ಷವಿಡೀ ಹೇಳುವವರು ನಾವೇ ಅಲ್ವಾ? ನಮ್ಮ ನಮ್ಮಲ್ಲೇ ಕೂತಾಗ ಅದೆಲ್ಲ ಎಲ್ಲಿ ಹೋಯಿತು?

1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ, ಸಿಗರೇಟು ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ಮೊದಲ ವಾಲ್ಡಾರ್ಫ್ ಶಾಲೆ ಶುರುವಾದಾಗ ಅದಕ್ಕೆ ಹೆಡ್‌ಮಾಸ್ಟರ್ ಇರಲಿಲ್ಲ. ಟೀಚರುಗಳ ಸಭೆಯೇ ಶಾಲೆ ನಡೆಸಬೇಕು ಅನ್ನುವುದು ಆಸೆ. 1924ರವರೆಗೆ ಸ್ಟೈನರ್ ಆ ಟೀಚರುಗಳ ಜೊತೆ ಸುಮಾರು 70 ಸಲ ಕೂತಿದ್ದಾರೆ. ಆ ಸಭೆಗಳ ಟಿಪ್ಪಣಿ ಪುಸ್ತಕವಾಗಿ ಬಂದಿದೆ. ದುಡ್ಡು, ವೇಳಾಪಟ್ಟಿ, ಜಗಳ ಎಲ್ಲವೂ ಅದರಲ್ಲಿದೆ. ಆದರೆ ಮತ್ತೆ ಮತ್ತೆ ಮಾತು ಬಂದು ನಿಲ್ಲುವುದು ಒಂದೊಂದು ಮಗುವಿನ ಹತ್ತಿರ. ಸ್ಟೈನರ್ 1925ರಲ್ಲಿ ತೀರಿಕೊಂಡರು. ಮರುವರ್ಷ ಎಲಿಸಬೆತ್ ಗ್ರುನೆಲಿಯಸ್ ಅನ್ನುವ ಟೀಚರ್ ಅಲ್ಲೇ ಶಿಶುವಿಹಾರ ಶುರು ಮಾಡಿದರು. ನಾವೆಲ್ಲ ಆ ಮನೆಯ ಮಕ್ಕಳು.

ಹಿಂತಿರುಗಿ ನೋಡುವುದಕ್ಕೂ ಸ್ಟೈನರ್ ಒಂದು ದಾರಿ ಹೇಳಿಕೊಟ್ಟಿದ್ದಾರೆ. ಮಲಗುವ ಮುಂಚೆ ಆ ದಿನವನ್ನು ಸಂಜೆಯಿಂದ ಬೆಳಗಿನ ಕಡೆಗೆ ನೋಡಿಕೊಂಡು ಹೋಗಬೇಕು, ಬೇರೆ ಯಾರನ್ನೋ ನೋಡುವ ಹಾಗೆ. ವರ್ಷವನ್ನೂ ಹಾಗೇ ನೋಡಬಹುದು. ಇವತ್ತು ನಗುತ್ತಾ ಓಡಿ ಬರುವ ಹುಡುಗಿಯಿಂದ ಹಿಂದೆ ಹಿಂದೆ ಹೋದರೆ, ಮೊದಲ ದಿನ ಅಮ್ಮನ ಕಾಲು ತಬ್ಬಿಕೊಂಡು ಅತ್ತವಳು ಸಿಗುತ್ತಾಳೆ. ಆಗ ಆ ಅಳು ಬೇರೆ ಥರ ಕಾಣುತ್ತದೆ. ಆರು ನಿಮಿಷದಲ್ಲಿ ಅಲ್ಲಿಯವರೆಗೆ ಹೋಗೋಕೆ ಆಗುತ್ತಾ?

ದಾಖಲೆ ಬೇಡವಾ, ಪೋಷಕರು ಕೇಳಿದರೆ ಏನು ತೋರಿಸುವುದು ಅಂತ ಒಬ್ಬರು ಕೇಳಿದರು. ಬೇಕು. ಬೇರೆ ದಿನ ಇಟ್ಟುಕೊಳ್ಳಿ, ಹತ್ತು ಫಾರಂ ಬೇಕಾದರೂ ತುಂಬಿ ಕೊಡುತ್ತೇನೆ. ಈ ಒಂದು ದಿನ ಬಿಡಿ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಈ ವರ್ಷ ಒಂದು ದಿನ ನಾನು ಒಬ್ಬಳು ಪುಟ್ಟ ಹುಡುಗಿಯ ಮೇಲೆ ರೇಗಿದೆ. ಬಣ್ಣದ ನೀರಿನ ಬಾಟಲಿ ಎರಡನೇ ಸಲ ಚೆಲ್ಲಿದ್ದಳು. ಮರುದಿನ ಅವಳು ಮೂಲೆಯಲ್ಲಿ ಗೊಂಬೆ ಮಲಗಿಸುತ್ತಾ, ‘ಎಷ್ಟು ಸಲ ಹೇಳಬೇಕು ನಿಂಗೆ?’ ಅಂದಳು. ನನ್ನದೇ ದನಿ. ಹುಬ್ಬು ಗಂಟಿಕ್ಕಿದ್ದೂ ನನ್ನ ಥರವೇ. ಈ ವಯಸ್ಸಿನ ಮಕ್ಕಳು ಕಲಿಯುವುದೇ ನಮ್ಮನ್ನು ನೋಡಿ, ನಮ್ಮ ಹಾಗೆ ಮಾಡಿ ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಅವತ್ತಿನಿಂದ ಹೊತ್ತುಕೊಂಡು ತಿರುಗುತ್ತಿದ್ದೆ. ಇವತ್ತು ಇವರ ಮುಂದೆ ಹೇಳಿ ಅತ್ತು ಹಗುರಾಗಬೇಕು ಅಂತಲೇ ಹೋಗಿದ್ದೆ. ಈ ಕೆಲಸ ಒಬ್ಬರೇ ಹೊರುವುದಲ್ಲ. ಹೊರಗಿನವರಿಗೆ ಹೇಳಿದರೆ ಅರ್ಥವೂ ಆಗಲ್ಲ. ಕೊನೆಗೆ ಫಾರಂನಲ್ಲಿ ‘ಕೊರತೆ: ತಾಳ್ಮೆ’ ಅಂತ ಬರೆದು ಕೊಟ್ಟು ಬಂದೆ.

ಹೊರಡುವಾಗ ಬಾಗಿಲಲ್ಲಿ ಅಕ್ಕ ಶೂ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತು, ‘ಆಮೇಲೆ ಏನಾಯ್ತಕ್ಕ, ಅವನು ಎದ್ದು ಬಂದು?’ ಅಂತ ಕೇಳಿದೆ.

‘ನನ್ನ ಏಪ್ರನ್ನಿನ ದಾರ ಹಿಡ್ಕೊಂಡ. ಹಿಂದೆ ನಿಂತು. ಎರಡು ವಾರ ಹಾಡಲೇ ಇಲ್ಲ, ದಾರ ಹಿಡ್ಕೊಂಡು ಜೊತೆಗೆ ಸುತ್ತಿದ ಅಷ್ಟೆ. ನಾನು ದಿನಾ ದಾರ ಸ್ವಲ್ಪ ಉದ್ದ ಬಿಟ್ಟು ಕಟ್ಕೊಳ್ತಿದ್ದೆ.’

ಆಮೇಲೆ ನನ್ನ ಗೊಂಬೆಯ ಕಥೆಯನ್ನೂ ಅವರಿಗೆ ಹೇಳಿದೆ.