ವ್ಯಾಟ್ ಜಾಸ್ತಿ ಇದ್ದದ್ದು ನನಗೆ, ಗೆದ್ದದ್ದು ಅವನು

ಹೋದ ಆಷಾಢದಲ್ಲಿ ನಮ್ಮ ದುರ್ಗದ ಕಡೆ ಹವ್ಯಾಸಿ ಸೈಕಲ್ ಸವಾರರದೊಂದು ರೇಸ್ ನಡೆಯಿತು. 62 ಕಿ.ಮೀ. ನಾನು ಎಂಟನೆಯವನಾಗಿ ಮುಟ್ಟಿದೆ. ಗೆದ್ದವನು ದಾವಣಗೆರೆಯಲ್ಲಿ ಡಿಪ್ಲೊಮಾ ಓದುವ ಹುಡುಗ. ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತು ಇಬ್ಬರ ಪವರ್ ಫೈಲನ್ನೂ, ಅಂದರೆ ಪೆಡಲಿಗೆ ಹಾಕಿದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಮೀಟರಿನ ದಾಖಲೆಯನ್ನು, ಪಕ್ಕಪಕ್ಕ ಇಟ್ಟು ನೋಡಿದೆವು.

ನನ್ನ ಸರಾಸರಿ 204 ವ್ಯಾಟ್. ಅವನದು 156. ನನ್ನ ತೂಕ 68 ಕಿಲೋ, ಅವನದು 59. ತೂಕಕ್ಕೆ ಭಾಗಿಸಿದರೂ ನಾನೇ ಮುಂದೆ. ಕಿಲೋಗೆ ನನ್ನದು 3 ವ್ಯಾಟ್, ಅವನದು 2.6. ಆದರೆ ಇನ್ನೊಂದು ಲೆಕ್ಕ ನೋಡಿ. ಪೆಡಲ್ ತುಳಿಯದೆ, ಸೊನ್ನೆ ವ್ಯಾಟಿನಲ್ಲಿ ನಾನಿದ್ದದ್ದು ಬರೀ 5 ನಿಮಿಷ. ಅವನು 19 ನಿಮಿಷ! ಕೊನೆಯ ಒಂದು ನಿಮಿಷದಲ್ಲಿ ಅವನು 410 ತುಳಿದಿದ್ದ. ನನ್ನ ಕಾಲಲ್ಲಿ ಉಳಿದಿದ್ದದ್ದು 280 ಮಾತ್ರ.

"ಅಣ್ಣಾ, ನಾನು ನಿಮ್ಮ ಹಿಂದೇನೇ ಇದ್ದೆ. ಗಾಳಿ ಪೂರಾ ನಿಮ್ಮ ಎದೆಗೇ ಬಡೀತಿತ್ತು" ಅಂದ. ಅವನಿಗೆ ಅದು ತೀರಾ ಸಹಜವಾದ ಮಾತು. ನಾನು ಮಾತ್ರ ಒಂದು ವಾರ ಅದನ್ನೇ ಯೋಚಿಸಿದೆ.

ನಮ್ಮ ಹುಡುಗರು ಈಗ ಸಿಕ್ಕ ಕೂಡಲೇ ಕೇಳುವುದು "ನಿಮ್ಮ ಎಫ್‌ಟಿಪಿ ಎಷ್ಟು?" ಅಂತ. ಹೆಚ್ಚುಕಡಿಮೆ ಒಂದು ಗಂಟೆ ಹೊತ್ತು ಹಿಡಿದುಕೊಂಡು ಹೋಗಬಲ್ಲ ಶಕ್ತಿಗೆ ಆ ಹೆಸರು. 20 ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿಯನ್ನು 0.95ರಿಂದ ಗುಣಿಸುತ್ತಾರೆ. ಒಳ್ಳೆಯ ಅಳತೆಯೇ. ನಾನೂ ಆರು ವಾರಕ್ಕೊಮ್ಮೆ ಮಾಡುತ್ತೇನೆ. ಆದರೆ ಜೇಬಿನಲ್ಲಿ ಎಷ್ಟು ದುಡ್ಡಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಸಂತೆಯಲ್ಲಿ ಎಲ್ಲಿ ಬಿಚ್ಚಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಅನ್ನುವುದನ್ನು ಹೇಳುವುದಿಲ್ಲ.

ಸಮತಟ್ಟು ರಸ್ತೆಯಲ್ಲಿ ನಾವು ತುಳಿಯುವುದರಲ್ಲಿ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ 30ರಿಂದ 40ಕ್ಕೆ ಏರಿದರೆ ಗಾಳಿಗೆ ಕೊಡುವ ವ್ಯಾಟ್ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಮುಂದಿನವರ ಚಕ್ರ ಹಿಡಿದು, ಅಂದರೆ ಅವರ ಬೆನ್ನಿಗೇ ಅಂಟಿಕೊಂಡು ಕೂತರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ಮೂರು ತಿಂಗಳು ಬೆವರು ಸುರಿಸಿದರೂ ಎಫ್‌ಟಿಪಿ ಅಷ್ಟು ಏರುವುದಿಲ್ಲ, ಅಲ್ವಾ?

ನಮ್ಮ ಕಡೆಯಂತೂ ಗಾಳಿಯೇ ಅರ್ಧ ರೇಸ್. ದುರ್ಗದ ಗುಡ್ಡಗಳ ಮೇಲೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನೆಟ್ಟಿಲ್ಲ. ಹಾಗೆಯೇ ಅವುಗಳಷ್ಟು ಒಳ್ಳೆ ಗೆಳೆಯರೂ ನಮಗೆ ಬೇರೆ ಇಲ್ಲ. ರೆಕ್ಕೆಯ ಮುಖ ಯಾವ ಕಡೆಗಿದೆಯೋ ಗಾಳಿ ಆ ಕಡೆಯಿಂದಲೇ ಬರುತ್ತಿರುತ್ತದೆ. ಮುಂದಿನ ತಿರುವಿನಲ್ಲಿ ಅದು ಎದುರು ಬರುತ್ತದೋ ಪಕ್ಕಕ್ಕೆ ಬರುತ್ತದೋ ಅಂತ ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ನಾನು ಆವತ್ತು ತಲೆ ಎತ್ತಲೇ ಇಲ್ಲ. ಮೀಟರಿನ ಸ್ಕ್ರೀನ್ ನೋಡುತ್ತಿದ್ದೆ.

ಮೊದಲ 25 ಕಿ.ಮೀ. ಪಡುವಣಕ್ಕೆ, ಗಾಳಿಗೆ ಎದುರಾಗಿ. 230 ವ್ಯಾಟ್ ಆರಾಮಾಗಿ ಬರುತ್ತಿದೆ ಅಂತ ಮುಂದೆಯೇ ನಿಂತು ಎಳೆದೆ. ಆಮೇಲೆ ರಸ್ತೆ ಬಲಕ್ಕೆ, ಬಡಗಣಕ್ಕೆ ತಿರುಗುತ್ತದೆ. ತಿರುವಿಗೆ ಅರ್ಧ ಕಿ.ಮೀ. ಇರುವಾಗ ನೀರು ಕುಡಿಯಲು ಹಿಂದಕ್ಕೆ ಸರಿದೆ. ಆ ಹುಡುಗ ಅದೇ ಹೊತ್ತಿಗೆ ಮುಂದಕ್ಕೆ ಬಂದ. ತಿರುಗಿದ ಮೇಲೆ ಗಾಳಿ ಎಡಗಡೆಯಿಂದ. ಆಗ ನೇರ ಹಿಂದೆ ಕೂತರೆ ಮರೆ ಸಿಗುವುದಿಲ್ಲ, ಬಲಕ್ಕೆ ಓರೆಯಾಗಿ ನಿಲ್ಲಬೇಕು. ಮುಂದಿನವನು ರಸ್ತೆಯ ಎಡ ಅಂಚು ಹಿಡಿದರೆ ಅವನ ಹಿಂದೆ ಓರೆ ಸಾಲಿನಲ್ಲಿ ಆರೇಳು ಜನಕ್ಕೆ ಜಾಗ. ರಸ್ತೆಯ ಅಗಲ ಅಲ್ಲಿಗೆ ಮುಗಿಯುತ್ತದೆ. ಎಂಟನೆಯವನು ಬಲ ಅಂಚಿನಲ್ಲಿ, ಮರೆಯೇ ಇಲ್ಲದೆ, ಒಬ್ಬನೇ ಗಾಳಿ ಜೊತೆ ಗುದ್ದಾಡಬೇಕು. ಆ ಎಂಟನೆಯವನು ನಾನು. 9 ನಿಮಿಷ 275 ವ್ಯಾಟ್ ತುಳಿದೆ. ಮುಂದಿನ ಸಾಲು ಕೈಗೆ ಸಿಗಲಿಲ್ಲ. ಗ್ರಾಫಿನಲ್ಲಿ ಆ ಜಾಗ ಈಗಲೂ ಕಣ್ಣಿಗೆ ಚುಚ್ಚುತ್ತದೆ.

2021ರ ಜುಲೈನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಮಹಿಳೆಯರ ರೋಡ್ ರೇಸ್ ನೆನಪಿರಬಹುದು. ಗೆದ್ದ ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಆಗ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ಶುರುವಿನಲ್ಲೇ ಮುಂದೆ ಹೋದರು. ಕೊನೆಯ 40 ಕಿ.ಮೀ. ಒಬ್ಬರೇ ತುಳಿದರು. ಹಿಂದಿನ ಗುಂಪಿನಲ್ಲಿ ಆ ಕಾಲದ ದೊಡ್ಡ ದೊಡ್ಡ ಸವಾರರೆಲ್ಲ ಇದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ಸುದ್ದಿ ಮುಟ್ಟಿಸಲು ತಂಡಕ್ಕೆ ರೇಡಿಯೋ ಇಲ್ಲ. ಮುಂದೆ ಇನ್ನೂ ಒಬ್ಬರಿದ್ದಾರೆ ಅನ್ನುವುದೇ ಅವರಿಗೆ ಗೊತ್ತಾಗಲಿಲ್ಲ. 75 ಸೆಕೆಂಡ್ ತಡವಾಗಿ ಬಂದ ಡಚ್ ಸೈಕ್ಲಿಸ್ಟ್ ಆನ್ನೆಮಿಕ್ ವಾನ್ ಫ್ಲೂಟೆನ್ ತಾನೇ ಗೆದ್ದೆ ಅಂತ ಕೈ ಎತ್ತಿದರು. ಹಿಂದಿನವರ ಕಾಲಲ್ಲಿ ವ್ಯಾಟ್‌ಗೆ ಬರ ಇರಲಿಲ್ಲ. ಮುಂದಿರುವವರ ಎಣಿಕೆ ತಪ್ಪಿತ್ತು. ನಮ್ಮ ರೇಸುಗಳಲ್ಲೂ ರೇಡಿಯೋ ಇಲ್ಲ. ಯಾರು ಹೋದರು, ಎಷ್ಟು ಜನ ಹೋದರು ಅಂತ ನಾವೇ ಎಣಿಸಬೇಕು.

ಹಾಗಂತ ಮೀಟರ್ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಆಡುಮಲ್ಲೇಶ್ವರದ ದಾರಿಯಲ್ಲಿ ಜೋಗಿಮಟ್ಟಿ ಕಡೆ ಏರುವಾಗ ನೋಡಿ. ಮೊದಲ ಎರಡು ನಿಮಿಷದ ಹುರುಪಿಗೆ ಅದು ಕಡಿವಾಣ ಹಾಕುತ್ತದೆ. ಗುಂಪು ಬಿಟ್ಟು ಒಬ್ಬರೇ ಮುಂದೆ ಹೋದಾಗಲೂ ನೋಡಿ. ಗುಂಪಿನೊಳಗೆ ಮಾತ್ರ ಬೇಡ. ಅಲ್ಲಿ ಕಣ್ಣು ಇರಬೇಕಾದದ್ದು ಮುಂದಿನವರ ಭುಜದ ಮೇಲೆ. ಯಾರು ಬಾಯಿ ತೆರೆದು ಉಸಿರಾಡುತ್ತಿದ್ದಾರೆ, ಯಾರು ಬಾಟಲಿಗೆ ಕೈ ಹಾಕಿದರು, ಅದನ್ನು ಯಾವ ಮೀಟರೂ ತೋರಿಸುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಬಹಳ ಜನರದು ಎಡಗಾಲಿನ ಶಕ್ತಿ ಅಳೆದು ಎರಡರಿಂದ ಗುಣಿಸುವ ಮೀಟರ್. ಎರಡೂ ಕಾಲು ಸಮ ಇರಲೇಬೇಕು ಅಂತೇನಿಲ್ಲ. ಹೊರಡುವ ಮುಂಚೆ ಸೊನ್ನೆಗೆ ಹೊಂದಿಸದಿದ್ದರೆ ಇನ್ನೂ ಹೆಚ್ಚುಕಡಿಮೆ ಆಗುತ್ತದೆ. ಅಂಥ ಎರಡು ಅಂಕಿಗಳನ್ನು ಇಟ್ಟುಕೊಂಡು ಇಬ್ಬರು ಹುಡುಗರು ನಾನು ಮೇಲು, ನೀನು ಕೀಳು ಅಂತ ಜಗಳ ಆಡುವುದನ್ನು ನೋಡಿದರೆ ಬೇಜಾರಾಗುತ್ತದೆ. ಮನೆಗೆ ಬಂದು ಸ್ನಾನ ಮಾಡಿ, ಊಟ ಮಾಡಿ, ಆಮೇಲೆ ನಿಮ್ಮ ಫೈಲ್ ತೆರೆಯಿರಿ. ಮೊದಲು ಸೊನ್ನೆ ಎಷ್ಟು ನಿಮಿಷ ಅಂತ ನೋಡಿ. ಆಮೇಲೆ, 1000 ಕಿಲೋಜೂಲ್ (ಶುರುವಿನಿಂದ ತುಳಿದ ಒಟ್ಟು ಶಕ್ತಿಯ ಲೆಕ್ಕ ಇದು) ಖರ್ಚಾದ ಮೇಲೆ ಒಂದು ನಿಮಿಷಕ್ಕೆ ಎಷ್ಟು ತುಳಿದಿರಿ ನೋಡಿ. ತಾಜಾ ಕಾಲಿನ ಅಂಕಿಯಿಂದ ರೇಸಿನ ಕೊನೆಗೆ ಹೆಚ್ಚು ಉಪಯೋಗ ಇಲ್ಲ.

ಈ ಭಾನುವಾರ ಬೆಳಿಗ್ಗೆ ಆರಕ್ಕೆ ಓರೆ ಸಾಲಿನ ಅಭ್ಯಾಸ ಇಟ್ಟುಕೊಂಡಿದ್ದೇವೆ, ವಾಹನ ಕಡಿಮೆ ಇರುವ ರಸ್ತೆಯಲ್ಲಿ. ಆ ಹುಡುಗನೂ ದಾವಣಗೆರೆಯಿಂದ ಬರುತ್ತೇನೆ ಅಂದಿದ್ದಾನೆ. ಮೀಟರ್ ಇಲ್ಲದವರೂ ಧಾರಾಳವಾಗಿ ಬನ್ನಿ. ಇದ್ದವರ ಸ್ಕ್ರೀನಿಗೆ ಅಂಟಿಸಲು ಟೇಪ್ ನಾನು ತರುತ್ತೇನೆ.