ಎಮಿಷನ್ ಟೆಸ್ಟ್ ಮತ್ತು ಮಿಕ್ಸ್ಚರ್ ಸ್ಕ್ರೂ: ಒಂದು ಸ್ಪಷ್ಟನೆ

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಎಮಿಷನ್ ಟೆಸ್ಟ್‌ನಲ್ಲಿ ಫೇಲಾದರೆ ಮಿಕ್ಸ್ಚರ್ ಸ್ಕ್ರೂವನ್ನು (ಆ ಮಿಶ್ರಣದಲ್ಲಿ ಪೆಟ್ರೋಲ್ ಎಷ್ಟಿರಬೇಕೆಂದು ಹೊಂದಿಸುವ ತಿರುಪು) ಪೂರ್ತಿ ಬಿಗಿ ಮಾಡಿದರೆ ಸಾಕು ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಭಾರತ್ ಸ್ಟೇಜ್ 2 ಎಂಬ ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ, ಕಾರು ನಿಂತು ಎಂಜಿನ್ ಮಾತ್ರ ಓಡುವ ಐಡಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ (ಉರಿಯದ ಇಂಧನ) 1500 ಪಿಪಿಎಂ (ಹತ್ತು ಲಕ್ಷದಲ್ಲಿ 1500 ಭಾಗ) ಎಂಬ ಎರಡು ಮಿತಿಗಳಿವೆ. ಸ್ಕ್ರೂ ಅತಿಯಾಗಿ ಬಿಗಿಯಾದರೆ ಮೊದಲನೆಯದು ಇಳಿದರೂ, ಪೆಟ್ರೋಲ್ ತೀರಾ ಕಡಿಮೆಯಾಗಿ ಎಂಜಿನ್ ಆಗಾಗ ಉರಿಯುವುದು ತಪ್ಪಿ (ಮಿಸ್ಸಿಂಗ್), ಉರಿಯದ ಪೆಟ್ರೋಲ್ ಹೊರಬಿದ್ದು ಎರಡನೆಯದು ಏರುತ್ತದೆ.

ನಮ್ಮ ಮನೆಯ ಕಾರಿನಲ್ಲಿ ದೋಷವಿದ್ದದ್ದು ಬೇರೆಡೆ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದಾಗ, ಚೋಕ್ (ತಣ್ಣನೆಯ ಎಂಜಿನ್ ಶುರುವಾಗಲು ಗಾಳಿಯನ್ನು ತಡೆಯುವ ತಟ್ಟೆ) ತೆರೆಯಲು ಅದರ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿದ್ದರೂ ಕೇಬಲ್ ತುಕ್ಕು ಹಿಡಿದು ಚೋಕ್ ತಟ್ಟೆ ಅರ್ಧ ಮುಚ್ಚಿಕೊಂಡೇ ಇತ್ತು. ಗಾಳಿ ಸಾಲದೆ ಪ್ಲಗ್ಗಿನ ತುದಿಯಲ್ಲಿ ಒಣ ಕಪ್ಪು ಮಸಿ ಕೂತಿತ್ತು. ಇಂಥ ದೋಷವನ್ನು ಹಾಗೆಯೇ ಬಿಟ್ಟು ಸ್ಕ್ರೂ ತಿರುಗಿಸುವುದು ಎಂಜಿನ್ನಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಮೊದಲು ಚೋಕ್, ಏರ್ ಫಿಲ್ಟರ್, ಫ್ಲೋಟ್ ಮಟ್ಟ (ಕಾರ್ಬ್ಯುರೇಟರಿನೊಳಗೆ ನಿಲ್ಲುವ ಪೆಟ್ರೋಲಿನ ಮಟ್ಟ), ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪುಗಳು, ಪ್ಲಗ್ ಮತ್ತು ಇಗ್ನಿಷನ್ ಟೈಮಿಂಗ್ ಪರೀಕ್ಷಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೊಗೆಯಲ್ಲಿನ ಅನಿಲಗಳನ್ನು ಅಳೆಯುವ ಗ್ಯಾಸ್ ಅನಲೈಸರ್ ನೋಡಿಕೊಂಡೇ ಸ್ಕ್ರೂ ಹೊಂದಿಸಬೇಕು. ಹೊಗೆ ನೀಲಿಯಾಗಿದ್ದರೆ ಉರಿಯುತ್ತಿರುವುದು ಎಂಜಿನ್ ಆಯಿಲ್; ಅದಕ್ಕೆ ಪಿಸ್ಟನ್ ರಿಂಗು, ವಾಲ್ವ್ ಸೀಲುಗಳನ್ನು ನೋಡಬೇಕೇ ಹೊರತು ಕಾರ್ಬ್ಯುರೇಟರನ್ನಲ್ಲ.